ಫ್ರಿಜ್ಜಿನ ಬಾಗಿಲಿಗೆ ಏರದ ಮಾತು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಉದ್ದನೆಯ ಹಾಳೆ ಅಂಟಿಕೊಂಡಿದೆ. ಬೇರೆಯವರ ಮನೆಗಳಲ್ಲಿ ಆ ಜಾಗದಲ್ಲಿ ಗ್ಯಾಸಿನವನ ನಂಬರೋ ದೇವರ ಸ್ಟಿಕ್ಕರೋ ಇರುತ್ತದೆ. ನಮ್ಮಲ್ಲಿ ಇರುವುದು ಇನ್ನೂ ಎರಡು ವರ್ಷ ತುಂಬದ ಒಬ್ಬ ಹುಡುಗಿ ಈವರೆಗೆ ಆಡಿರುವ ಮಾತುಗಳು. ಒಂದರ ಕೆಳಗೊಂದು, ಆಡಿದ ಕ್ರಮದಲ್ಲೇ ಬರೆದಿದ್ದಾರೆ. ಮೊದಲನೆಯದು ‘ಕಾಕಾ’, ಅಂದರೆ ಕಾಗೆ. ಎರಡನೆಯದು ‘ಅಮ್ಮ’. ಕಾಗೆಗೆ ಸೋತ ತಾಯಿ ಆ ದಿನ ಅನ್ನ ಬಿಡಲಿಲ್ಲ ಎನ್ನುವುದಷ್ಟೇ ಅವಳ ದೊಡ್ಡತನ. ‘ಅಪ್ಪ’ ಒಂಬತ್ತನೆಯದು. ‘ಮಾವ’ ಎಂಬುದು ಹದಿನೇಳನೆಯದು, ಅದಕ್ಕೂ ಮೊದಲು ‘ಇಡ್ಲಿ’ ಬಂದುಬಿಟ್ಟಿದೆ. ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರು ಕೂತಿರುವ ಸೋದರಮಾವನಿಗಿಂತ ವಾರಕ್ಕೆರಡು ಸಲ ತಟ್ಟೆಯಲ್ಲಿ ದರ್ಶನ ಕೊಡುವ ಇಡ್ಲಿಗೆ ಮೊದಲ ಮರ್ಯಾದೆ ಸಂದದ್ದನ್ನು ನಾನು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿದ್ದೆ. ಆಮೇಲೆ, ಇಡ್ಲಿ ಮೃದುವಾಗಿರುತ್ತದೆ, ಬಿಸಿಯಾಗಿರುತ್ತದೆ, ಹೇಳಿದ ಹೊತ್ತಿಗೆ ಸಿದ್ಧವಾಗುತ್ತದೆ, ಈ ಮೂರರಲ್ಲಿ ಒಂದು ಗುಣವೂ ಒಬ್ಬ ದರ್ಜಿಯಲ್ಲಿ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೌದು, ನಾನು ದರ್ಜಿ. ಅಮೃತಹಳ್ಳಿಯಲ್ಲಿ ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸರ ರವಿಕೆ, ಚೂಡಿದಾರ, ಸೀರೆಯ ಫಾಲ್ಸು, ಇಷ್ಟೇ ನನ್ನ ಪ್ರಪಂಚ. ಓದಿದ್ದು ಏಳನೆಯ ತರಗತಿ. ಊರಿನ ಅರ್ಧ ಜನರ ಅಳತೆ ತೆಗೆದರೂ ನನಗೆ ಅಳತೆಯೊಪ್ಪುವ ಹೆಣ್ಣು ಸಿಗಲಿಲ್ಲವಾದ್ದರಿಂದ ಕೆಳಗಿನ ಮನೆಯಲ್ಲಿ ಒಬ್ಬನೇ ಇದ್ದೇನೆ. ಮೇಲಿನ ಮನೆಯಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ಸುಮಾ, ವಿಮಾನ ನಿಲ್ದಾಣದ ಕಡೆಗೆ ಬಸ್ಸು ಓಡಿಸುವ ಅವಳ ಗಂಡ ಗಿರೀಶ, ಮತ್ತು ಮೇಲೆ ಹೇಳಿದ ಮಾತುಗಳ ಒಡತಿ ಸಾನ್ವಿ. ನಮ್ಮ ಬಾಯಲ್ಲಿ ಸಾನು. ಸುಮಾ ಸಹಕಾರನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಕು ಹರಿಯುತ್ತಲೇ ಸಾಲು ನಿಲ್ಲುವುದರಿಂದ ಅವಳು ಏಳು ಗಂಟೆಗೆಲ್ಲ ಹೊರಡುತ್ತಾಳೆ, ನಾಲ್ಕಕ್ಕೆ ಬರುತ್ತಾಳೆ. ಆ ನಡುವಿನ ಹೊತ್ತು ಸಾನು ನನ್ನವಳು.

ಹೀಗಾಗಿ ಫ್ರಿಜ್ಜಿನ ಹಾಳೆಯ ಮೇಲಿನ ಮಾತುಗಳಲ್ಲಿ ಮುಕ್ಕಾಲು ಪಾಲು ತಾಯಿಯ ಕಿವಿಗೆ ಮೊದಲು ಬಿದ್ದವಲ್ಲ, ನನ್ನ ಕಿವಿಗೆ ಬಿದ್ದವು. ಪ್ರತಿ ಸಂಜೆ ಸುಮಾ ಚಪ್ಪಲಿ ಬಿಡುತ್ತ ಕೇಳುವ ಮೊದಲ ಪ್ರಶ್ನೆ, “ಇವತ್ತೇನಂದ್ಳು ಅಣ್ಣ?” ನಾನು ವರದಿ ಒಪ್ಪಿಸುತ್ತೇನೆ. ಕತ್ತರಿಯನ್ನು ‘ಕತ್ತಿ’ ಅಂದಳು, ಮೀಟರ್ ಟೇಪನ್ನು ‘ಹಾವು’ ಅಂದಳು, ರವಿಕೆ ಟೈಟಾಯಿತೆಂದು ಜಗಳಕ್ಕೆ ಬಂದ ಗಿರಾಕಿಯನ್ನು ನೋಡಿ ‘ಗುಮ್ಮ’ ಅಂದಳು. ಸುಮಾ ಕೈ ತೊಳೆದು ಪೆನ್ನು ಹಿಡಿಯುತ್ತಾಳೆ. ಗುಮ್ಮನನ್ನು ಮಾತ್ರ ವ್ಯಾಪಾರದ ಹಿತದೃಷ್ಟಿಯಿಂದ ಬರೆಯುವುದು ಬೇಡವೆಂದು ಬೇಡಿಕೊಂಡೆ, ಅದೂ ಏರಿತು.

ಇಷ್ಟೆಲ್ಲ ವರದಿ ಒಪ್ಪಿಸಿದ ನಾನು ಒಂದು ಮಾತನ್ನು ಮಾತ್ರ ಮುಚ್ಚಿಟ್ಟೆ. ಓದುಗರೇ, ನೀವು ಆ ಹಾಳೆಯನ್ನು ಮೇಲಿಂದ ಕೆಳಗೆ ಹತ್ತು ಸಲ ಓದಿದರೂ ಅದು ನಿಮಗೆ ಸಿಗುವುದಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ.

ಸಾನುವಿಗೆ ಹತ್ತು ತಿಂಗಳಾದಾಗ ಸುಮಾಳನ್ನು ಲ್ಯಾಬಿನವರು ಕೆಲಸಕ್ಕೆ ಕರೆದರು. ಮಗುವನ್ನು ಯಾರ ಹತ್ತಿರ ಬಿಡುವುದೆಂದು ಗಂಡ ಹೆಂಡತಿ ಮೂರು ದಿನ ಮಾತಾಡಿಕೊಂಡರು. ನಾಲ್ಕನೆಯ ದಿನ ನಾನೇ ಮಹಡಿ ಹತ್ತಿ, “ನಾನಿಲ್ವಾ? ನೆಲಕ್ಕೆ ಕಾಲು ತಾಗಿಸಲ್ಲ, ತೊಡೆ ಮೇಲೆ ಇಟ್ಕೊಂಡೇ ಹೊಲೀತೀನಿ” ಎಂದೆ. ಗಿರೀಶ ನಕ್ಕು, “ಬಾವ, ಹಂಗೆಲ್ಲ ಹೇಳ್ಬೇಡಿ, ಆಮೇಲೆ ಗಿರಾಕಿಗಳ ಬ್ಲೌಸ್ ಜೊತೆ ನಮ್ ಮಗೂನೂ ಹೊಲ್ದು ಕೊಟ್ಬಿಡ್ತೀರ” ಎಂದ. ಸುಮಾ ನಗಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು. ಅವಳು ಆ ಕೆಲಸಕ್ಕೆ ಎಷ್ಟು ಕಷ್ಟಪಟ್ಟು ಓದಿದ್ದಳೆಂದು ನನಗೆ ಗೊತ್ತಿತ್ತು; ಸೂಜಿ ಚುಚ್ಚುವುದನ್ನು ಅಭ್ಯಾಸ ಮಾಡಲು ನನ್ನ ತೋಳನ್ನೇ ಬಳಸಿಕೊಂಡಿದ್ದಳು. ದರ್ಜಿಯ ತೋಳಿಗೆ ಸೂಜಿ ಹೊಸದೇನಲ್ಲವಲ್ಲ.

ಅಪ್ಪಣೆ ಕೊಟ್ಟ ಮೊದಲ ವಾರದಲ್ಲೇ ಗೊತ್ತಾಯಿತು, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುವುದು ಮಾತಿನಲ್ಲಿ ಮಾತ್ರ ಸಾಧ್ಯ. ಅಂಬೆಗಾಲಿಡುವ ಮಗುವಿಗೆ ದರ್ಜಿಯ ಅಂಗಡಿಯಷ್ಟು ರಮಣೀಯವಾದ, ಅಷ್ಟೇ ಅಪಾಯಕಾರಿಯಾದ ಜಾಗ ಇನ್ನೊಂದಿಲ್ಲ. ನೆಲದ ಮೇಲೆ ಗುಂಡುಪಿನ್ನು, ಮೇಜಿನ ಅಂಚಿನಲ್ಲಿ ಕಾದ ಇಸ್ತ್ರಿಪೆಟ್ಟಿಗೆ, ತಿರುಗುವ ಚಕ್ರ, ಹರಿದಾಡುವ ಬೆಲ್ಟು. ಬಾಗಿಲಿನಾಚೆ ಎರಡು ಮೆಟ್ಟಿಲು, ಮೆಟ್ಟಿಲಿನಾಚೆ ನೀರಿನ ಟ್ಯಾಂಕರುಗಳು ಓಡಾಡುವ ರಸ್ತೆ. ಒಂದು ಬೆಳಗ್ಗೆ ನಾನು ಒಬ್ಬಾಕೆಯ ತೋಳಿನ ಅಳತೆ ತೆಗೆದು ಬರೆದುಕೊಳ್ಳುವಷ್ಟರಲ್ಲಿ ಸಾನು ಎರಡು ಮೆಟ್ಟಿಲನ್ನೂ ಹಿಂದುಮುಂದಾಗಿ ಇಳಿದು ರಸ್ತೆಯಂಚಿನಲ್ಲಿ ಕೂತಿದ್ದಳು. ಟ್ಯಾಂಕರು ಬಂದಿರಲಿಲ್ಲ. ಒಂದು ನಾಯಿ ಅವಳನ್ನು ನೋಡುತ್ತಿತ್ತು, ಅವಳು ನಾಯಿಯನ್ನು ನೋಡುತ್ತಿದ್ದಳು. ಎತ್ತಿಕೊಂಡು ಬಂದು ಕೂತವನಿಗೆ ಮಧ್ಯಾಹ್ನದವರೆಗೂ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಆ ಸಂಜೆ ಸುಮಾಗೆ ಹೇಳಬೇಕಿತ್ತು. ಹೇಳಿದ್ದರೆ ಅವಳು ಮಾರನೆಯ ದಿನವೇ ಕೆಲಸ ಬಿಡುತ್ತಿದ್ದಳು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ ಏನೆಂದರೆ, ಅಷ್ಟು ದೊಡ್ಡ ಮಾತಾಡಿ ಮಗುವನ್ನು ಇಸಿದುಕೊಂಡವನಿಗೆ ನನ್ನಿಂದ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ‘ಕಾಕಾ ಅಂದ್ಳು’ ಎಂದಷ್ಟೇ ಹೇಳಿದೆ.

ಉಪಾಯ ನನಗೆ ಹೊಳೆದದ್ದಲ್ಲ, ನೆನಪಾದದ್ದು. ನಾನು ಅಷ್ಟೇ ವಯಸ್ಸಿನವನಾಗಿದ್ದಾಗ, ಸ್ವಲ್ಪ ದೊಡ್ಡವನಾದ ಮೇಲೂ, ನಮ್ಮವ್ವ ಬಾಗಲೂರಿನ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುತ್ತಿದ್ದಳು. ತೋಟದ ಚಪ್ಪರಕ್ಕೆ ಕಲ್ಲಿನ ಕಂಬಗಳು. ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು, ಒಂದು ತುದಿಯನ್ನು ಕಂಬಕ್ಕೆ ಇನ್ನೊಂದನ್ನು ನನ್ನ ಸೊಂಟಕ್ಕೆ ಕಟ್ಟಿ, “ಅಲ್ಲೇ ಇರು ಮಗ, ಈಗ್ ಬಂದೆ” ಎಂದು ಹೇಳಿ ಸಾಲು ಹಿಡಿದು ಹೊರಡುತ್ತಿದ್ದಳು. ತೋಟಕ್ಕೆ ಬರುತ್ತಿದ್ದ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು, ಕಂಬಕ್ಕೊಂದು ಮಗು. ಕೆಳಗೆ ಉದುರಿದ ಕಪ್ಪು ದ್ರಾಕ್ಷಿಯಲ್ಲಿ ಕೈಗೆಟುಕಿದ್ದನ್ನು ತಿಂದು, ಎಟುಕದ್ದನ್ನು ನೋಡುತ್ತ, ಇರುವೆಗಳ ಸಾಲಿನೊಂದಿಗೆ ಮಾತಾಡುತ್ತ ಕೂತಿದ್ದದ್ದು ನನಗೆ ಈಗಲೂ ಸುಖದ ನೆನಪೇ. ಸುಮಾ ಹುಟ್ಟುವ ಹೊತ್ತಿಗೆ ಅವಳನ್ನು ಎತ್ತಿಕೊಂಡು ತಿರುಗಲು ನಾನಿದ್ದೆನಾದ್ದರಿಂದ ಅವಳಿಗೆ ಈ ಕಂಬದ ವಿಷಯವೇ ಗೊತ್ತಿಲ್ಲ. ಅವಳಿಗೆ ಹೇಳದೆ ಇರಲು ಇದೂ ಒಂದು ಅನುಕೂಲವಾಯಿತು.

ಕಟ್ಟುವುದೇ ಆದರೆ ಹರಿದ ಸೀರೆಯಲ್ಲಿ ಕಟ್ಟಲು ನಾನೇನು ಕೂಲಿಯವನೇ, ಕಸುಬುದಾರ. ಒಂದು ಸಂಜೆ ಕೂತು ಅವಳ ಕಾಲಿನ ಅಳತೆ ತೆಗೆದು ಒಂದು ಪಟ್ಟಿ ಹೊಲಿದೆ. ಒಳಗೆ ಚರ್ಮಕ್ಕೆ ತಾಗದಂತೆ ಮೆತ್ತನೆಯ ಫ್ಲಾನೆಲ್, ಹೊರಗೆ ಯಾರದೋ ಮದುವೆ ರವಿಕೆಯಲ್ಲಿ ಉಳಿದ ಮೆರೂನ್ ವೆಲ್ವೆಟ್, ಅಂಚಿಗೆ ಪೈಪಿಂಗ್. ಕಾಲಿಗೆ ಸುತ್ತುವ ಕಡೆ ಎರಡು ಬೆರಳು ಆಡುವಷ್ಟು ಸಡಿಲ. ಇನ್ನೊಂದು ತುದಿ ಎರಡು ಮೀಟರ್ ದೂರಕ್ಕೆ ಹೋಗಿ ಮೆಷಿನ್ನಿನ ಪಕ್ಕದಲ್ಲಿರುವ ಕಬ್ಬಿಣದ ಬೀರುವಿನ ಕಾಲಿಗೆ. ಇಸ್ತ್ರಿಪೆಟ್ಟಿಗೆಯೂ ಮೆಟ್ಟಿಲೂ ಎಟುಕದ ಜಾಗವನ್ನು ಟೇಪು ಹಿಡಿದೇ ಗುರುತು ಮಾಡಿದ್ದೆ. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಅಷ್ಟು ಅಚ್ಚುಕಟ್ಟಾದ ಹೊಲಿಗೆ ಇನ್ನೊಂದಿಲ್ಲ. ಗಿರಾಕಿಗಳನ್ನು ನಾಲ್ಕು ಸಲ ತಿರುಗಾಡಿಸಿ ಕೊಡುವ ನಾನು ಅದನ್ನು ಒಂದೇ ಸಲಕ್ಕೆ ಕೂತು ಮುಗಿಸಿದ್ದೆ.

ಮೊದಲು ನೋಡಿದವರು ಎದುರು ಮನೆಯ ಶಮೀಮ್ ಆಪಾ. ಫಾಲ್ಸು ಹೊಲಿಸಲು ಸೀರೆ ತಂದವರು ಬಾಗಿಲಲ್ಲೇ ನಿಂತು, ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಲ್ಲೇ ಅಳೆದು, “ಏನಪ್ಪಾ ಟೈಲರ್, ಬಕ್ರೀದ್ ನಮ್ಮನೇಲಿ, ಕಟ್ಟೋದು ನಿಮ್ಮನೇಲಾ?” ಎಂದರು.

“ಹಂಗಲ್ಲ ಆಪಾ, ಇಸ್ತ್ರಿ ಕಾದಿದೆ ನೋಡಿ. ಒಂದರ್ಧ ಗಂಟೆ ಅಷ್ಟೇ.”

“ಸುಮಾಗೆ ಗೊತ್ತಾ?”

“ಹೇಳ್ತೀನಿ.”

“ಹೇಳ್ತೀನಿ ಅಂದ್ರೆ ನಾಳೆ ಬನ್ನಿ ಅಂತಲ್ಲ ನಿನ್ ಅರ್ಥ? ಬ್ಲೌಸ್‌ಗೆ ಸರಿ, ಇದಕ್ಕೆ ಸರಿಯಿಲ್ಲ ಬೇಟಾ” ಎಂದು ಸೀರೆ ಇಟ್ಟು ಹೋದರು. ನಾನು ನಕ್ಕೆ. ನಕ್ಕರೆ ಅರ್ಧ ತಪ್ಪು ಕಳೆಯುತ್ತದೆಂಬ ಭ್ರಮೆ ನನಗೆ ಮೊದಲಿನಿಂದಲೂ ಇದೆ.

ಅರ್ಧ ಗಂಟೆ ಎಂದದ್ದು ಶ್ರಾವಣದ ಹಬ್ಬಗಳ ಹೊತ್ತಿಗೆ ಒಂದು ಗಂಟೆಯಾಯಿತು, ಮದುವೆಯ ಕಾಲಕ್ಕೆ ಇಡೀ ಪೂರ್ವಾಹ್ನವಾಯಿತು. ಇಸ್ತ್ರಿ ಕಾದಾಗ ಎಂಬ ನಿಯಮ ಗಿರಾಕಿ ಬಂದಾಗ ಎಂದಾಯಿತು, ಆಮೇಲೆ ನನಗೆ ಬೇಕಾದಾಗ ಎಂದಾಯಿತು. ಒಂದು ದಿನದ ಸಂಗತಿಯನ್ನು ಮುಚ್ಚದೆ ಹೇಳಬೇಕು. ಆವತ್ತು ಕರೆಂಟಿರಲಿಲ್ಲ, ಇಸ್ತ್ರಿ ತಣ್ಣಗಿತ್ತು, ಗಿರಾಕಿಯೂ ಇರಲಿಲ್ಲ. ನಾನು ಅವಳನ್ನು ಕಟ್ಟಿ ಪೇಪರ್ ಓದಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಮಗುವಿನ ರಕ್ಷಣೆಗೆಂದು ಹೊಲಿದ ಪಟ್ಟಿ ನನ್ನ ಸೋಮಾರಿತನದ ರಕ್ಷಣೆಗೆ ಬಂದಿದೆಯೆಂದು ಆವತ್ತೇ ಗೊತ್ತಾಗಬೇಕಿತ್ತು. ಪೇಪರಿನಲ್ಲಿ ಅದು ಬಂದಿರಲಿಲ್ಲವಾದ್ದರಿಂದ ತಿಳಿಯಲಿಲ್ಲ.

ಆದರೆ ಸಾನು ಸುಮ್ಮನೆ ಕಟ್ಟಿಸಿಕೊಳ್ಳುವ ಕುಳವಲ್ಲ. ಮೊದಲು ಪಟ್ಟಿಗೆ ಅಂಟುವ ವೆಲ್ಕ್ರೋ ಹಚ್ಚಿದ್ದೆ. ವರ್ಷ ತುಂಬುವ ಹೊತ್ತಿಗೆ ಅದನ್ನು ಚರ್ರೆಂದು ಕೀಳುವುದು ಅವಳಿಗೆ ಆಟವಾಯಿತು. ಟಿಚ್ ಬಟನ್ ಹಾಕಿದೆ. ಎರಡು ತಿಂಗಳು ಅದರೊಂದಿಗೆ ಗುದ್ದಾಡಿ, ಒಂದು ಮಧ್ಯಾಹ್ನ ಉಗುರು ತೂರಿಸಿ ಟಪ್ಪೆನಿಸಿದಳು. ತಾನೇ ಬಿಚ್ಚಿದ ಸಂತೋಷಕ್ಕೆ ‘ನಾನೇ’ ಎಂದಳು. ಅದು ಹಾಳೆಯ ಇಪ್ಪತ್ತಮೂರನೆಯ ಮಾತು. ಯಾವ ಸಂದರ್ಭದಲ್ಲಿ ಅಂದಳೆಂದು ಸುಮಾ ಕೇಳಿದಾಗ ‘ಚಪ್ಪಲಿ ಹಾಕ್ಕೊಳ್ಳೋವಾಗ’ ಎಂದೆ. ಆ ಮೇಲೆ ಅವಳಿಗೆ ಎಲ್ಲವೂ ನಾನೇ. ಚಮಚ ನಾನೇ, ಲೋಟ ನಾನೇ, ಎರಡೂ ಕಾಲನ್ನು ಚಡ್ಡಿಯ ಒಂದೇ ತೂತಿಗೆ ತೂರಿಸಿಕೊಂಡು ಬಿದ್ದು ಎದ್ದು ಮತ್ತೆ ನಾನೇ. ಎತ್ತಿ ಮೆಟ್ಟಿಲು ಹತ್ತಿಸಿದರೆ ಅಷ್ಟೂ ಮೆಟ್ಟಿಲು ಕೆಳಗಿಳಿದು ಮೊದಲಿನಿಂದ ಹತ್ತುವಳು. ಅವಳ ಆ ಛಲಕ್ಕೆ ಕಸುಬುದಾರನಾಗಿ ತಲೆದೂಗುತ್ತಿದ್ದೆ, ಕಾವಲುಗಾರನಾಗಿ ಟಿಚ್ ಬಟನ್ ಕಿತ್ತು ರವಿಕೆಯ ಹುಕ್ಕು ಹಾಕಿದೆ. ಒಂದಲ್ಲ, ಮೂರು.

ಮೂರು ಹುಕ್ಕನ್ನೂ ಅವಳು ಗೆದ್ದ ದಿನ ನನಗೆ ತಿಳಿಯಲೇ ಇಲ್ಲ. ರವಿಕೆಗೆ ಒಂದು ತೋಳು ಕೂರಿಸಿ ಮುಗಿಸಿ ಹಿಂದಿರುಗಿ ನೋಡಿದರೆ ಪಟ್ಟಿ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು. ಬಾಗಿಲಿನ ಕಡೆ ನೋಡಿದೆ, ಮೆಟ್ಟಿಲಿನ ಕಡೆ ನೋಡಿದೆ. ಅವಳು ಎಲ್ಲಿಗೂ ಹೋಗಿರಲಿಲ್ಲ. ಕಟ್ಟಿದಾಗ ಕೂರುತ್ತಿದ್ದ ಜಾಗದಲ್ಲೇ, ಕಟ್ಟಿಲ್ಲದ ಕಾಲನ್ನು ಅದೇ ರೀತಿ ಮುಂದೆ ಚಾಚಿಕೊಂಡು, ಚಿಂದಿ ಬಟ್ಟೆಗಳನ್ನು ಜೋಡಿಸುತ್ತ ಕೂತಿದ್ದಳು. ಬಿಚ್ಚುವುದನ್ನು ಅವಳೇ ಕಲಿತಿದ್ದಳು, ಬಿಚ್ಚಿದ ಮೇಲೂ ಹೋಗದಿರುವುದನ್ನು ನಾನು ಕಲಿಸಿದ್ದೆ. ಆ ವಾರದಲ್ಲೇ ಒಂದು ಬೆಳಗ್ಗೆ ನಾನು ಮೆಷಿನ್ನಿಗೆ ಎಣ್ಣೆ ಬಿಡುತ್ತಿರುವಾಗ ಅವಳೇ ಚಿಂದಿ ಚೀಲದಿಂದ ಅದನ್ನು ಎಳೆದು ತಂದು, ನನ್ನ ಮುಂದೆ ಕೂತು, ಕಾಲು ಚಾಚಿ, ‘ಪಟ್ಟಿ’ ಎಂದಳು. ಸ್ಪಷ್ಟವಾಗಿ ಅಂದಳು. ‘ಮಾವ’ ಎಂಬುದನ್ನೂ ಅವಳು ಅಷ್ಟು ಸ್ಪಷ್ಟವಾಗಿ ಅಂದಿಲ್ಲ.

ನಾನು ಮುಚ್ಚಿಟ್ಟ ಮಾತು ಅದೇ.

ಅವರೆಕಾಯಿಯ ಕಾಲ. ಒಂದು ಭಾನುವಾರ ಸುಮಾ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಕೆಳಗೆ ಬಂದು, ಅಂಗಡಿಯ ನೆಲದ ಮೇಲೆ ಕಾಲು ನೀಡಿ ಕೂತು ಬೇಳೆ ಹಿದುಕುತ್ತಿದ್ದಳು. ರಜೆಯ ದಿನ ಪಟ್ಟಿಯನ್ನು ಚಿಂದಿ ಚೀಲದ ತಳಕ್ಕೆ ತುರುಕಿಡುವುದು ನನ್ನ ಪದ್ಧತಿ. ಸಾನು ಚೀಲದೊಳಗೆ ಭುಜದವರೆಗೆ ಇಳಿದು ಅದನ್ನು ಹೊರಗೆಳೆದಳು. ನೇರ ತಾಯಿಯ ಹತ್ತಿರ ಹೋಗಿ, ಅವಳ ಪಾದದ ಮೇಲೆ ಎರಡು ಸುತ್ತು ಸುತ್ತಿ, ಮೊಣಕಾಲಿಗೆ ಎರಡು ಸಲ ತಟ್ಟಿ, “ಅಲ್ಲೇ ಇಲು. ಈಗ್ ಬಂದೆ” ಎಂದಳು.

ಬಿಡಿ ಮಾತುಗಳನ್ನಷ್ಟೇ ಆಡುತ್ತಿದ್ದ ಮಗುವಿನ ಬಾಯಿಂದ ಬಂದ ಮೊದಲ ಇಡೀ ವಾಕ್ಯ ಅದು, ಒಂದಲ್ಲ, ಎರಡು. ಸುಮಾ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಬಿಟ್ಟು ಫೋನಿಗೆ ಕೈಹಾಕಿದಳು. ಅಷ್ಟರಲ್ಲಿ ಸಾನು ಮೂಲೆಗೆ ಹೋಗಿ ನಮಗೆ ಬೆನ್ನು ತಿರುಗಿಸಿ ಒಂದು ಸ್ಟೂಲಿನ ಮುಂದೆ ಕೂತು, ಟರ್‌ರ್ ಎಂದು ಬಾಯಲ್ಲೇ ಮೆಷಿನ್ ಓಡಿಸತೊಡಗಿದ್ದಳು.

“ಸಾನೂ, ಬಾ ಕಂದ, ಇಲ್ಲಿ ನೋಡು.”

“ಈಗ್ ಬಂದೆ” ಎಂದಳು ಸಾನು, ತಿರುಗಲಿಲ್ಲ.

“ಅಮ್ಮ ಕರೀತಿದೀನಿ, ಬಾರೇ.”

“ಈಗ್ ಬಂದೆ.” ಟರ್‌ರ್.

ಸುಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಣ್ಣ, ಥೇಟ್ ನೀನೇ ಕಣೋ. ಗಿರಾಕಿಗಳು ಕಾಯ್ತಾ ನಿಂತಿದ್ರೆ ಹಿಂಗೇ ಅಲ್ವಾ ನೀನು ಮಾಡೋದು?” ನಾನೂ ನಗುವವನಂತೆ ಮುಖ ಮಾಡಿದೆ. ಗಿರಾಕಿಗಳಿಗೆ ನಾನು ‘ಅಲ್ಲೇ ಇರಿ’ ಎಂದು ಹೇಳುವುದಿಲ್ಲ. ಅದನ್ನು ಯಾರಿಗೆ ಹೇಳುತ್ತೇನೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಅವರಲ್ಲಿ ಒಬ್ಬಳು ಟರ್‌ರ್ ಎಂದು ಹೊಲಿಯುತ್ತಿದ್ದಳು.

“ಇದೇನಿದು, ವೆಲ್ವೆಟ್ಟು? ಎಷ್ಟ್ ಚೆನ್ನಾಗಿ ಹೊಲಿದಿದೀಯ” ಎಂದು ಸುಮಾ ಪಾದದ ಮೇಲಿನ ಪಟ್ಟಿಯನ್ನು ಎತ್ತಿ ನೋಡಿದಳು.

“ಗೊಂಬೆಗೆ ಬೆಲ್ಟು” ಎಂದೆ. ಎರಡು ಮೀಟರಿನ ಬೆಲ್ಟು ಕಟ್ಟುವ ಗೊಂಬೆ ಎಲ್ಲಿದೆಯೆಂದು ಅವಳು ಕೇಳಲಿಲ್ಲ. ಅಣ್ಣ ಹೇಳಿದ ಮೇಲೆ ಕೇಳುವುದೇನು ಎಂಬ ಹೆಣ್ಣು ಅವಳು.

ಸ್ವಲ್ಪ ಹೊತ್ತಿನಲ್ಲಿ ಅವಳ ನಗು ತಾನಾಗಿ ಇಳಿಯಿತು. ಫೋನಿನಲ್ಲಿ ತೆಗೆದದ್ದನ್ನು ಮತ್ತೆ ಮತ್ತೆ ನೋಡಿದಳು. “ಅಣ್ಣ, ಇದು ನನಗೆ ಹೇಳ್ತಿರೋದು ಅಲ್ವಾ? ನನ್ ಕಾಲಿಗೇ ಸುತ್ತಿದ್ಳು ನೋಡು. ಹೋಗ್ಬೇಡ, ಅಲ್ಲೇ ಇರು ಅಂತ. ದಿನಾ ಈಗ್ ಬಂದೆ ಅಂತ ಹೇಳಿ ನಾನೇ ತಾನೆ ಬಿಟ್ಟು ಹೋಗೋದು” ಎಂದಳು. ನಾನು ಪಟ್ಟಿಯನ್ನು ಸುತ್ತಿ ಮತ್ತೆ ಚೀಲದ ತಳಕ್ಕೆ ತುರುಕಿದೆ. ಅವರೆಬೇಳೆಯ ಸಾರನ್ನು ಆ ಮಧ್ಯಾಹ್ನ ಅವಳು ಉಣ್ಣಲಿಲ್ಲ. ಸಂಜೆ ಗಿರೀಶ ಮೆಟ್ಟಿಲಲ್ಲಿ ಸಿಕ್ಕಿ, “ಬಾವ, ಇವಳು ಕೆಲಸ ಬಿಡ್ತೀನಿ ಅಂತಿದಾಳೆ. ಬುಧವಾರ ಲೆಟರ್ ಕೊಡ್ತಾಳಂತೆ. ನೀವಾದ್ರೂ ಒಂದ್ ಮಾತು ಹೇಳಿ” ಎಂದ.

ಅಲ್ಲಿಗೆ, ಮುಚ್ಚಿಟ್ಟರೆ ತಾನಾಗಿ ಮಾಸಿಹೋಗುತ್ತದೆ ಎಂದುಕೊಂಡಿದ್ದ ನನ್ನ ತಪ್ಪು ಇನ್ನೊಬ್ಬರ ಲೆಕ್ಕಕ್ಕೆ ಹೋಗಿ ಕೂತಿತು. ನಾನು ಬಾಯಿ ಬಿಟ್ಟರೆ ತಂಗಿ ನನ್ನನ್ನು ಮುಂದೆಂದೂ ನಂಬಲಿಕ್ಕಿಲ್ಲ, ಮಗುವೂ ಕೈತಪ್ಪಬಹುದು. ಬಿಡದಿದ್ದರೆ ಅವಳ ಕೆಲಸ ಹೋಗುತ್ತದೆ, ತಾನು ಕೆಟ್ಟ ತಾಯಿ ಎಂಬ ಕೊರಗು ಮಾತ್ರ ಉಳಿಯುತ್ತದೆ. ಇಷ್ಟು ನಿಚ್ಚಳವಾದ ಲೆಕ್ಕವನ್ನು ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಪಟ್ಟಿಯನ್ನು ಮುಟ್ಟಲಿಲ್ಲ, ಒಂದು ರವಿಕೆಯನ್ನೂ ಮುಗಿಸಲಿಲ್ಲ. ಸಾನುವಿನ ಹಿಂದೆ ಓಡಾಡುತ್ತ ನಮ್ಮವ್ವನ ತೋಟವನ್ನು ಮತ್ತೆ ನೆನೆದೆ. ಇದುವರೆಗೆ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದ ನೆನಪು ಈ ಸಲ ಬೇರೆ ಹೇಳಿತು. ಅವ್ವ ಪ್ರತಿ ಸಾಲು ಮುಗಿದಾಗಲೂ ನನ್ನ ಕಂಬದವರೆಗೆ ಬರುತ್ತಿದ್ದಳು. ಬಂದು ಸೆರಗಿನಲ್ಲಿ ನನ್ನ ಮೂಗು ಒರೆಸಿ, ಎಟುಕದ ಕಡೆಯ ಒಂದು ದ್ರಾಕ್ಷಿ ಹೆಕ್ಕಿ ಬಾಯಿಗಿಟ್ಟು ಮತ್ತೆ ಹೋಗುತ್ತಿದ್ದಳು. ಈಗ ಬಂದೆ ಎಂದವಳು ಬರುತ್ತಿದ್ದಳು. ನಾನು ಮೂರು ಅಡಿ ದೂರದಲ್ಲಿ ಬೆನ್ನು ಹಾಕಿ ಕೂತು ಅದೇ ಮಾತನ್ನು ಹೇಳಿದ್ದೆ, ಬಂದಿರಲಿಲ್ಲ. ಸ್ಟೂಲಿನ ಮುಂದೆ ಕೂತು ಸಾನು ಆಡಿ ತೋರಿಸಿದ್ದು ಅದನ್ನೇ.

ಬುಧವಾರ ಬೆಳಗ್ಗೆ ಸುಮಾ ಬ್ಯಾಗು ಹಿಡಿದು ಮಗುವನ್ನು ಇಳಿಸಲು ಬಂದಾಗ ಪಟ್ಟಿಯನ್ನು ಬೀರುವಿನ ಕಾಲಿಗೆ ಕಟ್ಟಿ ನೆಲದ ಮೇಲೆ ಹಾಸಿಟ್ಟಿದ್ದೆ. ಹೇಗೆ ಹೇಳಬೇಕೆಂದು ವಾಕ್ಯಗಳನ್ನು ಸಿದ್ಧ ಮಾಡಿಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಸಾನು ತಾಯಿಯ ಸೊಂಟದಿಂದ ಜಾರಿ ಇಳಿದು, ತನ್ನ ಜಾಗಕ್ಕೆ ನಡೆದು ಹೋಗಿ ಕೂತು, ಬಲಗಾಲು ಚಾಚಿ, “ಪಟ್ಟಿ” ಎಂದಳು.

ಸುಮಾ ಪಟ್ಟಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

“ಯಾವಾಗಿಂದ?”

“ನೀನು ಕೆಲಸಕ್ಕೆ ಸೇರಿದ ಎರಡನೇ ವಾರದಿಂದ.” ರಸ್ತೆಯಂಚಿನ ನಾಯಿಯಿಂದ ಹಿಡಿದು ಪೇಪರ್ ಓದಿದ ದಿನದವರೆಗೆ ಎಲ್ಲ ಹೇಳಿದೆ. “ಅಲ್ಲೇ ಇರು ಅಂತ ಅವಳು ಹೇಳಿದ್ದು ನಿನಗಲ್ಲ ಕಣಮ್ಮ. ನನ್ನ ಮಾತದು. ನೀನು ಲೆಟರ್ ಕೊಡಬೇಡ.”

ಅವಳು ಮಗುವನ್ನು ಎತ್ತಿಕೊಂಡು ಮೇಲೆ ಹೋದಳು. ಆವತ್ತು ಕೆಲಸಕ್ಕೆ ಹೋಗಲಿಲ್ಲ. ನಾನು ಮೆಷಿನ್ನಿನ ಮುಂದೆ ಕೂತಿದ್ದೆ. ಶಮೀಮ್ ಆಪಾ ಸೀರೆ ಕೇಳಲು ಬಂದವರು ನನ್ನ ಮುಖ ನೋಡಿ, “ಹೇಳಿದ್ಯಾ?” ಎಂದರು. ಹೂಂ ಅಂದೆ. “ಒಳ್ಳೇದಾಯ್ತು. ಸೀರೆ ನಾಳೆ ಕೊಡು, ಪರವಾಗಿಲ್ಲ” ಎಂದು ಹೋದರು.

ಮೂರು ಗಂಟೆಗೆ ಸುಮಾ ಇಳಿದು ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು. “ಕಟ್ಟಿದ್ದಕ್ಕೆ ಆಮೇಲೆ ಬೈತೀನಿ. ರಸ್ತೆಗೆ ಹೋಗೋ ಮಗು, ನಾನಿದ್ರೂ ಏನ್ ಮಾಡ್ತಿದ್ನೋ ಗೊತ್ತಿಲ್ಲ. ಆದ್ರೆ ದಿನಾ ಸಂಜೆ ಅವಳ ಒಂದೊಂದ್ ಮಾತೂ ತಂದು ಕೊಡ್ತಿದ್ದೆ ನೀನು. ಲ್ಯಾಬಲ್ಲಿ ಕೂತು ಅದಕ್ಕೇ ಕಾಯ್ತಿದ್ದೆ ನಾನು. ಅದ್ರಲ್ಲೂ ಆರಿಸಿ ಕೊಟ್ಯಲ್ಲ ಅಣ್ಣ.”

ನಾನು ಬಗ್ಗಿ ಬೀರುವಿನ ಕಾಲಿನಿಂದ ಪಟ್ಟಿಯನ್ನು ಬಿಚ್ಚತೊಡಗಿದೆ.

“ನಾನೇನು ನುಂಗ್ಬಿಡ್ತಿದ್ನಾ ನಿನ್ನ?” ಎಂದಳು ಮತ್ತೆ.

“ಇಲ್ಲ.”

“ಮತ್ತೆ?”

“ನಾಚಿಕೆ ಆಯ್ತು.”

ಅವಳು ಕೂತಲ್ಲಿಂದಲೇ ಅಂಗಡಿಯನ್ನೂ ನಡುಮನೆಯ ಬಾಗಿಲನ್ನೂ ಕಣ್ಣಲ್ಲೇ ಅಳೆದಳು. ಕೊನೆಗೆ ಬಡಗಿಯನ್ನು ಕರೆಸಿ ಅಂಗಡಿಗೂ ನಡುಮನೆಗೂ ಮಧ್ಯೆ ಸೊಂಟದೆತ್ತರದ ಮರದ ಗೇಟು ಹಾಕಿಸಬೇಕೆಂದಳು. ಇಸ್ತ್ರಿ, ಕತ್ತರಿ, ಗಿರಾಕಿ ಈಚೆ. ಸಾನು ಆಚೆ, ಅವಳ ಇಷ್ಟದಂತೆ. ನಾನು ಗಂಟೆಗೊಂದು ಸಲ ಹೊಲಿಗೆ ಬಿಟ್ಟು ಎದ್ದು ಆಚೆ ಹೋಗಬೇಕು. ಹೊಲಿಗೆ ಕಡಿಮೆಯಾದರೆ ಆಗಲಿ. ಅವಳು ಕೆಲಸ ಬಿಡುವುದಿಲ್ಲ. ಇಷ್ಟು ಹೇಳಿ ಎದ್ದವಳು ಬಾಗಿಲಲ್ಲಿ ನಿಂತು, “ಹನ್ನೊಂದಕ್ಕೊಂದು ಸಲ, ಎರಡಕ್ಕೊಂದು ಸಲ ವಿಡಿಯೋ ಕಾಲ್ ಮಾಡ್ತೀನಿ” ಎಂದಳು.

“ಮಾಡಮ್ಮ. ಮುಖ ತೋರಿಸ್ತೀನಿ.”

“ಮುಖ ಬೇಡ. ಕಾಲು ತೋರಿಸು.”

ಮನೆಯ ಹಿರಿಯನಾದ ನನಗೆ ಯಾರೂ ಅದುವರೆಗೆ ಅಂಥ ಶಿಕ್ಷೆ ಕೊಟ್ಟಿರಲಿಲ್ಲ, ಅಷ್ಟು ನ್ಯಾಯವಾದದ್ದನ್ನಂತೂ ಖಂಡಿತ ಕೊಟ್ಟಿರಲಿಲ್ಲ. ಮಾರನೆಯ ದಿನದಿಂದ ಹನ್ನೊಂದಕ್ಕೆ ಫೋನು ಬರುತ್ತಿತ್ತು. ನಾನು ಗೇಟು ದಾಟಿ ಹೋಗಿ, ಸಾನುವಿನ ಎರಡೂ ಪಾದಗಳನ್ನು ಫೋನಿಗೆ ತೋರಿಸುತ್ತಿದ್ದೆ, ಮೊದಲು ಬಲಗಾಲು, ಆಮೇಲೆ ಎಡಗಾಲು. ಆ ಕಡೆಯಿಂದ ಸುಮಾ ‘ಸರಿ’ ಎಂದು ಇಡುತ್ತಿದ್ದಳು. ಮೊದಲ ವಾರ ಇನ್ನೊಂದು ಮಾತು ಆಡಲಿಲ್ಲ. ಎರಡನೆಯ ವಾರ ‘ಉಗುರು ಬೆಳೆದಿದೆ, ಕತ್ತರಿಸು’ ಎಂದಳು. ನಾನು ಆ ದಿನವಿಡೀ ಲವಲವಿಕೆಯಿಂದಿದ್ದೆ. ಸಾನುವಿಗಂತೂ ಅದು ದೊಡ್ಡ ಆಟವಾಗಿ, ಫೋನು ಮೊಳಗಿದೊಡನೆ ನೆಲಕ್ಕೆ ಒರಗಿ ಎರಡೂ ಕಾಲನ್ನು ಆಕಾಶಕ್ಕೆ ಎತ್ತಿ ‘ನಾನೇ’ ಎನ್ನುತ್ತಿದ್ದಳು. ಸಂಜೆಯ ವರದಿಯನ್ನು ಸುಮಾ ಕೇಳುತ್ತಿರಲಿಲ್ಲ, ನಾನಾಗಿ ಹೇಳಲೂ ಧೈರ್ಯವಿರಲಿಲ್ಲ. ಫ್ರಿಜ್ಜಿನ ಮೇಲಿನ ಹಾಳೆ ಇದ್ದಲ್ಲೇ ನಿಂತಿತು.

ಮೊನ್ನೆ ಹನ್ನೊಂದಕ್ಕೆ ಫೋನು ಬರಲಿಲ್ಲ. ಹನ್ನೊಂದೂಕಾಲಾಯಿತು, ಹನ್ನೆರಡಾಯಿತು. ನಾನು ನಾಲ್ಕು ಸಲ ಗೇಟು ದಾಟಿ ಹೋಗಿ ಬಂದೆ. ಲ್ಯಾಬಿನಲ್ಲಿ ಏನಾಯಿತೋ, ಮೈ ಸರಿಯಿಲ್ಲವೋ, ಅಥವಾ ಶಿಕ್ಷೆಗಿಂತ ದೊಡ್ಡದೊಂದನ್ನು ಯೋಚಿಸಿದಳೋ ಎಂದು ಮನಸ್ಸು ಏನೇನೋ ಹೊಲಿಯಿತು. ಎರಡು ಗಂಟೆಗೂ ಬರಲಿಲ್ಲ. ತಡೆಯಲಾರದೆ ನಾನೇ ಮಾಡಿದೆ. ಬಹಳ ಹೊತ್ತು ಮೊಳಗಿದ ಮೇಲೆ ಎತ್ತಿದಳು. ಹಿಂದೆ ಯಾರೋ ತಮ್ಮ ಹೆಸರು ಕರೆಯಲಿಲ್ಲವೆಂದು ಗದ್ದಲ ಮಾಡುತ್ತಿದ್ದರು.

“ಏನಣ್ಣ?”

“ಫೋನ್ ಮಾಡ್ಲಿಲ್ವಲ್ಲ ನೀನು.”

“ಅಯ್ಯೋ, ಮರ್ತೇಬಿಟ್ಟೆ ಕಣಣ್ಣ. ಇವತ್ತು ಜನ ಜಾಸ್ತಿ.”

ಮರೆತೆ ಎಂದಳು. ಅವಳ ಮಗು ನನ್ನ ಹತ್ತಿರ ಇರುವುದನ್ನು ಬೆಳಗಿನಿಂದ ಎರಡು ಗಂಟೆಯವರೆಗೆ ನನ್ನ ತಂಗಿ ಮರೆತಿದ್ದಳು. ಕಾವಲು ಕಾಯುವವರು ಹಾಗೆ ಮರೆಯುವುದಿಲ್ಲ.

“ಕಾಲು ತೋರಿಸ್ಲಾ?” ಎಂದೆ.

“ಬೇಡ ಬಿಡು. ಉಂಡ್ಳಾ?” ಎಂದಳು. ಆಮೇಲೆ, ಫೋನು ಇಡುವ ಮುನ್ನ, ಹಿಂದಿನ ಗದ್ದಲದ ನಡುವೆಯೇ, “ಏನಂದ್ಳು ಇವತ್ತು?” ಎಂದು ಕೇಳಿದಳು.